ಹಗಲು ನಿದ್ದೆಯ ಕಾವಲು

ಅಕ್ಕ ತೀರಿಹೋದ ಸುದ್ದಿ ಬಂದಾಗ ನಾನು ತಿಪಟೂರಿನ ಸಂತೆಯಲ್ಲಿ ಕಡ್ಡಿ ಪೊರಕೆ ಕೊಳ್ಳುತ್ತಿದ್ದೆ. ಫೋನು ಮಾಡಿದ್ದು ಅವಳ ತಮ್ಮನ ಮಗಳು. "ಆಂಟಿ, ನಮ್ಮತ್ತೆ ಹೋಗ್ಬುಟ್ರು. ಮೊನ್ನೆ. ಮಣ್ಣೂ ಆಯ್ತು. ನಿಮ್ಮ ನಂಬರು ಈಗ ಸಿಕ್ತು ನೋಡಿ" ಅಂದಳು. ನಾನು "ಹೌದಾ" ಅಂದೆ. ಏನಾಗಿತ್ತು ಅಂತ ಕೇಳಿದೆ. ಜ್ವರ ಬಂದಿತ್ತಂತೆ, ಕಫ ಎದೆಗೆ ಇಳಿಯಿತಂತೆ. ಫೋನು ಇಟ್ಟ ಮೇಲೆ, ಪೊರಕೆ ಮಾರುವವಳು ಎತ್ತಿ ತೋರಿಸುತ್ತಿದ್ದ ಇನ್ನೊಂದು ಕಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅದನ್ನೇ ತೆಗೆದುಕೊಂಡು ಮನೆಗೆ ಬಂದೆ. ಅಳು ಬರಲಿಲ್ಲ. ಬರಬೇಕಾಗಿತ್ತಲ್ಲ ಅನ್ನಿಸಿತು, ಅಷ್ಟೇ. ಸಂಜೆ ಎಂದಿನಂತೆ ಉಪ್ಪಿಟ್ಟು ಮಾಡಿದೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ದುಬೈನ ದೇರಾದಲ್ಲಿ ನಾವು ಬಾಡಿಗೆಗಿದ್ದ ಕಟ್ಟಡದಲ್ಲಿ ಎದುರು ಬಾಗಿಲಿನವಳು. ಅವಳಿಗೊಂದು ಹೆಸರಿತ್ತು, ಆದರೆ ಅಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಮಲಯಾಳಿಗಳು ಚೇಚಿ ಅನ್ನುತ್ತಿದ್ದರು. ಕೆಳಗಿನ ಕಾರ್ಗೋ ಅಂಗಡಿಯ ಪಠಾಣ ಮುದುಕ ಬೆಹನ್ ಅನ್ನುತ್ತಿದ್ದ. ಅವಳ ಗಂಡ "ನಮ್ಮೋಳು" ಅನ್ನುತ್ತಿದ್ದರು. ನಾನು ಅಕ್ಕ ಅಂದೆ.

ದುಬೈ ಅಂದ ಕೂಡಲೇ ನಮ್ಮ ಕಡೆಯ ಜನ ಗಾಜಿನ ಗೋಪುರ ನೆನೆಸಿಕೊಳ್ಳುತ್ತಾರೆ. ನಾವಿದ್ದ ಬೀದಿಗೆ ಅಂಥ ಗೋಪುರಗಳ ನೆರಳೂ ಬೀಳುತ್ತಿರಲಿಲ್ಲ. ಹಳೆಯ ನಾಲ್ಕು ಅಂತಸ್ತಿನ ಕಟ್ಟಡಗಳು, ಒಂದರ ಭುಜಕ್ಕೊಂದು ತಾಗಿಕೊಂಡು. ಪ್ರತಿ ಕಿಟಕಿಯಲ್ಲೂ ಒಂದು ಎ.ಸಿ. ಡಬ್ಬ, ಗೊರಗೊರ ಎನ್ನುತ್ತ ಕೆಳಗಿನವರ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕಿಸುತ್ತಿತ್ತು. ನೆಲ ಅಂತಸ್ತಿನಲ್ಲಿ ಕಾರ್ಗೋ ಅಂಗಡಿ. ಊರಿಗೆ ಸಾಮಾನು ಕಳಿಸುವವರ ರಟ್ಟಿನ ಪೆಟ್ಟಿಗೆಗಳಿಗೆ ಅಗಲದ ಟೇಪು ಸುತ್ತುವುದು ಅವರ ಕೆಲಸ. ಆ ಟೇಪು ಉರುಳೆಯಿಂದ ಬಿಚ್ಚಿಕೊಳ್ಳುವಾಗ ಚರ್ರ್ ಅಂತ ಹರಿಯುವ ಸದ್ದು ಮಧ್ಯಾಹ್ನದ ಮೇಲೆ ಶುರುವಾದರೆ ನಿಲ್ಲುತ್ತಲೇ ಇರಲಿಲ್ಲ. ಅಕ್ಕಪಕ್ಕದ ಬೀದಿಗಳಲ್ಲಿ ಗ್ಯಾಸಿನ ಹುಡುಗರು ಸಿಲಿಂಡರಿಗೆ ಸ್ಪ್ಯಾನರಿನಿಂದ ಬಡಿಯುತ್ತ ಬರುತ್ತಿದ್ದರು. ಲಿಫ್ಟಿನ ಬಾಗಿಲು ಯಾರಾದರೂ ಸರಿಯಾಗಿ ಮುಚ್ಚದಿದ್ದರೆ ಅದು ಕುಯ್ಯೋ ಅಂತ ಅಳುತ್ತಿತ್ತು. ಮೂರು ಮಸೀದಿಗಳ ಬಾಂಗು ಒಂದರ ಹಿಂದೆ ಒಂದು, ಸ್ವಲ್ಪ ಸ್ವಲ್ಪ ತಡವಾಗಿ. ಮೇಲೆ ವಿಮಾನ. ನಾನು ಅಮ್ಮಸಂದ್ರದವಳು, ಲಾರಿಗಳ ಓಡಾಟ ಕೇಳಿಕೊಂಡೇ ಬೆಳೆದವಳು. ಆದರೂ ಮೊದಲ ವಾರ ತಲೆ ಸೀಳಿಹೋಗುತ್ತದೇನೋ ಅನ್ನಿಸಿತ್ತು.

ಅಲ್ಲಿಗೆ ಹೋದ ಮೊದಲ ದಿನವೇ ಅವಳ ಪರಿಚಯವಾಯಿತು. ನನ್ನ ಗಂಡ ಕ್ಯಾಲೆಂಡರ್ ನೇತುಹಾಕಲು ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಒಂದೇಟು ಬಿದ್ದಿತ್ತಷ್ಟೇ, ಬಾಗಿಲು ತಟ್ಟಿದ ಸದ್ದಾಯಿತು. ತಟ್ಟಿದ್ದೂ ಅಲ್ಲ, ಬೆರಳಿನಲ್ಲಿ ಕೆರೆದ ಹಾಗೆ. ತೆಗೆದರೆ ಎತ್ತರದ, ಎಲುಬು ದಪ್ಪನೆಯ ಹೆಂಗಸು. ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು. "ಭಾಯಿ, ಆದ್ಮಿ ಸೋತಾ" ಅಂದಳು ಪಿಸುಮಾತಿನಲ್ಲಿ, ಗಂಡ ಮಲಗಿದ್ದಾರೆ ಅಂತ ಹರುಕು ಹಿಂದಿಯಲ್ಲಿ. ನಾನು ಗಂಡನ ಕಡೆ ತಿರುಗಿ, "ಬುಡಿ, ಸಂಜೆ ಹೊಡುದ್ರಾಯ್ತು" ಅಂದೆ. ಅವಳ ಕಣ್ಣು ಅಗಲವಾಯಿತು.

"ಯಾವೂರವ್ವ ನಿಮ್ದು?"

"ಅಮ್ಮಸಂದ್ರ. ತುರುವೇಕೆರೆ ತಾಲ್ಲೂಕು."

"ನಾನು ಹಂದನಕೆರೆ ಕಡೆಯೋಳು ಕಣವ್ವ" ಅಂದಳು. ಅಷ್ಟು ದೂರದ ಊರಿನಲ್ಲಿ ತನ್ನ ಮಾತಿನವಳು ಸಿಕ್ಕಿದ್ದರ ಸಂತೋಷವನ್ನೂ ಪಿಸುಮಾತಿನಲ್ಲೇ ಹೇಳಿದಳು. ನನ್ನ ಎರಡೂ ಕೈ ಹಿಡಿದುಕೊಂಡು, ಆಮೇಲೆ ಬತ್ತೀನಿ ಅಂತ ಸನ್ನೆ ಮಾಡಿ, ಬರಿಗಾಲಲ್ಲಿ ತನ್ನ ಮನೆಯೊಳಕ್ಕೆ ಹೋಗಿ, ಚಿಲಕಕ್ಕೆ ಸುತ್ತಿದ್ದ ಬಟ್ಟೆಯನ್ನು ಸರಿಮಾಡಿ ಬಾಗಿಲು ಮುಚ್ಚಿಕೊಂಡಳು.

ಅವಳ ಗಂಡ ಬೇಕರಿಯೊಂದರ ವ್ಯಾನ್ ಓಡಿಸುತ್ತಿದ್ದರು. ಸಂಜೆ ಹೊರಟರೆ ರಾತ್ರಿಯೆಲ್ಲ ಅಂಗಡಿ ಅಂಗಡಿಗೆ ಖುಬ್ಬೂಸ್ ಎನ್ನುವ ಅಲ್ಲಿಯ ದುಂಡನೆಯ ರೊಟ್ಟಿ ಇಳಿಸಿ, ಬೆಳಗ್ಗೆ ಬೆಳಕು ಹರಿದ ಮೇಲೆ ಮನೆಗೆ ಬರುತ್ತಿದ್ದರು. ಬರುವಾಗ ಒಂದು ಕವರಿನಲ್ಲಿ ಬಿಸಿ ರೊಟ್ಟಿ ತಂದು ನಮ್ಮ ಬಾಗಿಲ ಹಿಡಿಗೆ ಸಿಕ್ಕಿಸಿ ಹೋಗುವರು. ಊರೆಲ್ಲ ಎದ್ದು ಸದ್ದು ಶುರುಮಾಡುವ ಹೊತ್ತಿಗೆ ಅವರು ಮಲಗಬೇಕು. ಮಧ್ಯಾಹ್ನ ಮೂರರ ತನಕ ಅವರ ನಿದ್ದೆ. ಆ ನಿದ್ದೆಯನ್ನು ಕಾಯುವುದೇ ಅಕ್ಕನ ಕೆಲಸವಾಗಿತ್ತು. ಮಕ್ಕಳಿರಲಿಲ್ಲ. ಬೇರೆ ಕೆಲಸವೂ ಇರಲಿಲ್ಲ.

ನಾನು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಸಂಜೆ ಹೊತ್ತು ರಿಸೆಪ್ಷನ್ನಿಗೆ ಕೂರುತ್ತಿದ್ದೆ. ಹಾಗಾಗಿ ಹಗಲೆಲ್ಲ ಅವಳನ್ನು ನೋಡಿದ್ದೇನೆ. ಮನೆಯಲ್ಲಿ ಕುಕ್ಕರ್ ಇದ್ದರೂ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುವಳು, ಸೀಟಿ ಹೊಡೆಯುತ್ತದೆ ಅಂತ. ಚಟ್ನಿಗೆ ಮಿಕ್ಸಿ ತಿರುಗಿಸಬೇಕಾದರೆ ನಮ್ಮ ಮನೆಗೆ ಬರುವಳು. ಮಿಕ್ಸಿಯ ಕೆಳಗೆ ಟವೆಲ್ಲು ಮಡಿಸಿ ಹಾಕುವಳು. ಮೇಲಿನ ಮನೆಯ ಮಲಯಾಳಿಗಳ ಊಟದ ಕುರ್ಚಿಗಳ ಕಾಲಿಗೆಲ್ಲ ಹಳೇ ಜಮಖಾನೆ ಕತ್ತರಿಸಿ ತಾನೇ ಕೂತು ಹೊಲಿದು ಹಾಕಿ ಬಂದಿದ್ದಳು. ಗ್ಯಾಸಿನವರು ನಮ್ಮ ಬೀದಿಯ ತುದಿ ಬಂದ ಕೂಡಲೇ ಬಡಿಯುವುದನ್ನು ನಿಲ್ಲಿಸಿ, ಬರಿದೆ ಸ್ಪ್ಯಾನರ್ ಎತ್ತಿ ತೋರಿಸಿಕೊಂಡು ಹೋಗುತ್ತಿದ್ದರು. ಬೇಕಾದವರು ಕಿಟಕಿಯಿಂದ ನೋಡಿ ಕರೆಯಬೇಕು. ಇದನ್ನೆಲ್ಲ ಅವಳು ಜಗಳವಾಡಿ ಮಾಡಿಸಿದ್ದಲ್ಲ. ಊರಿಂದ ಯಾರಾದರೂ ಬಂದರೆ ಉಂಡೆ ಕೊಬ್ಬರಿ ತರಿಸುತ್ತಿದ್ದಳು. ಅದನ್ನು ತುರಿದು ಬೆಲ್ಲ ಹಾಕಿ ಉಂಡೆ ಕಟ್ಟಿ, ಡಬ್ಬಿ ಹಿಡಿದು ಮನೆ ಮನೆಗೆ ಹೋಗುವಳು. ಕೊಟ್ಟು, ತಿನ್ನುವ ತನಕ ನಿಂತಿದ್ದು, ಕೆನ್ನೆಗೆ ಕೈಯಿಟ್ಟು ತಲೆ ವಾಲಿಸಿ ಮಲಗಿದ ಹಾಗೆ ತೋರಿಸಿ ಬರುವಳು. ಅವಳ ಹಿಂದಿ ಅಷ್ಟಕ್ಕಷ್ಟೇ. ಆ ಕೈಸನ್ನೆ ಎಲ್ಲ ಭಾಷೆಯವರಿಗೂ ತಿಳಿಯುತ್ತಿತ್ತು.

ಕಾರ್ಗೋ ಅಂಗಡಿ ಮಾತ್ರ ಸುಲಭಕ್ಕೆ ಬಗ್ಗಲಿಲ್ಲವಂತೆ. ವ್ಯಾಪಾರದ ಜಾಗ, ಟೇಪು ಎಳೆಯದೆ ಪೆಟ್ಟಿಗೆ ಕಟ್ಟುವುದು ಹೇಗೆ? ಅವಳು ಒಂದಷ್ಟು ದಿನ ಹೋಗಿ ಅವರ ಅಂಗಡಿ ಮುಂದಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಳಂತೆ. ಏನೂ ಕೇಳಲಿಲ್ಲ. ಕೊನೆಗೆ ಪಠಾಣ ಮುದುಕನೇ ಕರೆದು, ಬೆಳಗಿನ ಹೊತ್ತು ಟೇಪು ಸುತ್ತುವ ಕೆಲಸ ಹಿಂದಿನ ಗೋಡೌನಿನಲ್ಲಿ ಮಾಡಿಸ್ತೀನಿ, ನೀನು ಮನೆಗೆ ಹೋಗು ತಾಯಿ ಅಂದನಂತೆ. "ಅವನೂ ಊರು ಬಿಟ್ಟು ಬಂದೋನೇ ಅಲ್ವೇನೇ" ಅಂದಿದ್ದಳು ನನ್ನ ಹತ್ತಿರ.

ಗುರುವಾರ ರಾತ್ರಿ ಅವಳ ಗಂಡನಿಗೆ ರಜೆ, ಹಾಗಾಗಿ ಶುಕ್ರವಾರ ಹಗಲು ನಿದ್ದೆಯಿಲ್ಲ. ಆ ದಿನ ನೋಡಿದರೆ ಇವಳೇನಾ ಅನ್ನಿಸಬೇಕು. ಅವಳಪ್ಪ ಹಟ್ಟಿಯ ಕುರಿಗಾರ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕೂಗಿ ಮಾತಾಡಿ ಬೆಳೆದ ಗಂಟಲು. ಶುಕ್ರವಾರ ಬೆಳಗ್ಗೆಯಿಂದ ಆ ಗಂಟಲು ಬಿಚ್ಚಿಕೊಳ್ಳುತ್ತಿತ್ತು. ಅವಳು ನಕ್ಕರೆ ಮೆಟ್ಟಿಲುಗಳಲ್ಲಿ ಕೆಳಗಿನ ತನಕ ಉರುಳುತ್ತಿತ್ತು. ಊರಿಗೆ ಫೋನು ಮಾಡಿ ತಮ್ಮನ ಜೊತೆ ಮಾತಾಡಿದರೆ ಫೋನೇ ಬೇಡ, ಹಂಗೇ ಕೇಳುಸ್ತದೆ ಅಂತ ಅವಳ ಗಂಡ ರೇಗಿಸುತ್ತಿದ್ದರು. ಶನಿವಾರ ಮತ್ತೆ ಪಿಸುಮಾತು.

ಒಮ್ಮೆ ನಾನೂ ಅವಳ ಗಂಡನೂ ಲಿಫ್ಟಿನಲ್ಲಿ ಒಟ್ಟಿಗೆ ಇಳಿಯುತ್ತಿದ್ದೆವು. ಅವರು ಕೆಲಸಕ್ಕೆ, ನಾನು ಕ್ಲಿನಿಕ್ಕಿಗೆ. ಮಾತಿಗೆ, "ಅಕ್ಕ ನಿಮ್ಮ ನಿದ್ದೆಗೋಸ್ಕರ ಎಷ್ಟು ಕಷ್ಟಪಡ್ತಾರೆ ಅಲ್ವಾ" ಅಂದೆ.

ಅವರು ನಕ್ಕರು. "ನಂಗೆ ಎಂಥ ಗಲಾಟೇಲೂ ನಿದ್ದೆ ಬತ್ತದೆ ಕಣಮ್ಮ. ಡ್ರೈವರ್ ಜೀವ. ಇಂಜಿನ್ ಪಕ್ಕದಲ್ಲೇ ಮಲಗಿ ಎದ್ದೋನು ನಾನು."

"ಮತ್ತೆ ಅವರಿಗೆ ಹೇಳಬಾರದಾ?"

"ಹೇಳಿ? ಈ ಊರಲ್ಲಿ ಅವಳಿಗೆ ಇನ್ನೇನೈತೆ ಮಾಡಕ್ಕೆ? ಅದೊಂದಿರ್ಲಿ ಬುಡು" ಅಂದರು. ಲಿಫ್ಟಿನ ಬಾಗಿಲನ್ನು ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಮುಚ್ಚಿ ಹೋದರು.

ಆ ದಿನ ಯಾವ ವಾರ ಅಂತ ನೆನಪಿಲ್ಲ. ಶಾಲೆಗೆ ರಜೆ ಇತ್ತು, ಮೇಲಿನ ಮನೆಯ ಮಕ್ಕಳು ಮನೆಯಲ್ಲೇ ಇದ್ದವು. ಕೆಳಗೆ ಬೀದಿಯಲ್ಲಿ ನೀರಿನ ಪೈಪಿಗೆಂದು ರಸ್ತೆ ಒಡೆಯುವ ಯಂತ್ರ ತಂದು ನಿಲ್ಲಿಸಿದ್ದರು. ಎಂಟಕ್ಕೆಲ್ಲ ಅಕ್ಕ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಇಳಿದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೆಲ್ಮೆಟ್ಟಿನ ಮೇಸ್ತ್ರಿ ಮೊದಲು ಕೈ ಆಡಿಸಿದ, ಆಮೇಲೆ ಟೀ ಕುಡಿದ, ಆಮೇಲೆ ಯಂತ್ರವನ್ನು ಬೀದಿಯ ಆ ತುದಿಗೆ ತಳ್ಳಿಸಿಕೊಂಡು ಹೋದ. ಅವಳು ಮೇಲೆ ಬಂದವಳೇ ಮಲಯಾಳಿ ಮಕ್ಕಳನ್ನೆಲ್ಲ ನಮ್ಮ ಮನೆಗೆ ಕರಕೊಂಡು ಬಂದು ಕೂರಿಸಿ, ಬಣ್ಣದ ಪೆನ್ಸಿಲ್ಲು ಕಾಗದ ಕೊಟ್ಟಳು. "ಬೆಳಿಗ್ಗೆ ಬಂದಾಗ ಒಸಿ ಸುಸ್ತು ಅಂದ್ರು ಕಣೇ. ಮಜ್ಜಿಗೆ ಕುಡುದು ಮಲಗವ್ರೆ. ಇವತ್ತು ಚೆನ್ನಾಗಿ ನಿದ್ದೆ ಆಗ್ಬೇಕು ಅವರಿಗೆ" ಅಂದಳು.

ಆ ಕಟ್ಟಡ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. ಲಿಫ್ಟು ಕೂಡ ಕೆಟ್ಟು ನಿಂತಿತ್ತು. ಅಕ್ಕ ನಡುವೆ ಒಂದು ಸಲ ಒಳಗೆ ಹೋಗಿ ನೋಡಿ ಬಂದಳು. ಎ.ಸಿ. ಜಾಸ್ತಿಯಾಗಿ ಕೈ ತಣ್ಣಗಾಗಿತ್ತು, ಆಫ್ ಮಾಡಿ ದುಪ್ಪಟಿ ಹೊದ್ದಿಸಿ ಬಂದೆ ಅಂದಳು. ಆಮೇಲೆ ಮಕ್ಕಳ ಜೊತೆ ಕೂತು ತಾನೂ ಒಂದು ಕುರಿ ಬರೆದಳು. ಮೂರಾಯಿತು, ಮೂರೂವರೆಯಾಯಿತು. "ಏಳ್ಸಕ್ಕೆ ಮನಸ್ಸಿಲ್ಲ. ಆದ್ರೂ ಊಟದ ಹೊತ್ತು ಮೀರ್ತದೆ" ಅನ್ನುತ್ತ ಎದ್ದು ಹೋದಳು.

ಕಿರುಚಿದ ಸದ್ದೇನೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಬಾಗಿಲಲ್ಲಿ ಬಂದು ನಿಂತಳು. ಆಗಲೂ ಪಿಸುಮಾತೇ.

"ಒಸಿ ಬಾರೇ. ನಮ್ಮೋರು ತಣ್ಣಗಾಗವ್ರೆ."

ಬೆಳಗ್ಗೆ ಮಲಗಿದ ಸ್ವಲ್ಪ ಹೊತ್ತಿಗೇ ಆಗಿರಬೇಕು, ಹೃದಯ ನಿಂತಿದೆ ಅಂತ ಡಾಕ್ಟರು ಹೇಳಿದರು. ಪೊಲೀಸರು ಬಂದರು, ಕೇಳಬೇಕಾದ್ದನ್ನೆಲ್ಲ ಕೇಳಿದರು. ನನ್ನ ಗಂಡ ತಾವು ಕೆಲಸಕ್ಕಿದ್ದ ಅಂಗಡಿಯಿಂದ ಓಡಿಬಂದು ಅವರಿಗೆ ಉತ್ತರ ಹೇಳಿದರು. ಲಿಫ್ಟು ಕೆಟ್ಟಿದ್ದರಿಂದ ಸ್ಟ್ರೆಚರ್ ಅನ್ನು ಮೆಟ್ಟಿಲ ಮೇಲೇ ಇಳಿಸಬೇಕಾಯಿತು. ಪ್ರತಿ ಅಂತಸ್ತಿನಲ್ಲೂ ಜನ ನಿಂತಿದ್ದರು. ಅಷ್ಟು ವರ್ಷದ ಅಭ್ಯಾಸ ನೋಡಿ, ಯಾರೊಬ್ಬರೂ ದನಿಯೆತ್ತಲಿಲ್ಲ. ಸ್ಟ್ರೆಚರ್ ಹಿಡಿದವರ ಹಿಂದೆ ತುದಿಗಾಲಲ್ಲಿ ಇಳಿದರು. ಅಕ್ಕ ಎಲ್ಲರಿಗಿಂತ ಹಿಂದೆ. ಅವಳು ಅಳಲಿಲ್ಲ. ನನಗೂ ಅಳು ಬರಲಿಲ್ಲ. ಮಲಯಾಳಿ ಹೆಂಗಸು ಒಬ್ಬಳೇ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಹೆಣ ಊರಿಗೆ ಕಳಿಸುವುದಕ್ಕೆ ಅಲ್ಲಿ ಅನುಮತಿಯ ಮೇಲೆ ಅನುಮತಿ ಬೇಕು. ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಕೊಟ್ಟರೆ ತಿನ್ನುವಳು, ಹೇಳಿದರೆ ಮಲಗುವಳು. ಒಂದು ದಿನ ತಾನಾಗೇ ಮಾತಾಡಿದಳು.

"ಅವರು ಎಲ್ಲಿ ಬೇಕಾದ್ರೂ ಮಲಗೋರು ಕಣೇ. ನಮ್ಮ ಮದ್ವೆ ದಿವ್ಸ ತಮಟೆಯೋರ ಪಕ್ಕದಲ್ಲೇ ಗೊರಕೆ ಹೊಡ್ಕೊಂಡು ಮಲಗಿದ್ರು. ನಂಗೇನು ಗೊತ್ತಿಲ್ವಾ?"

ಲಿಫ್ಟಿನಲ್ಲಿ ಅವರು ಹೇಳಿದ್ದನ್ನು ನಾನು ಆಗ ಹೇಳಿದೆ. ಅವಳು ತಲೆ ಆಡಿಸಿದಳು. "ಗೊತ್ತು. ನಂಗೆ ಗೊತ್ತು ಅಂತ ಅವರಿಗೂ ಗೊತ್ತಿತ್ತು" ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಕಟ್ಟಡ ಮಾತ್ರ ಸುಮ್ಮನೇ ಇತ್ತು. ಕಾರ್ಗೋ ಅಂಗಡಿಯವರು ಇಡೀ ದಿನದ ಕೆಲಸವನ್ನು ಗೋಡೌನಿಗೆ ಹಾಕಿಬಿಟ್ಟಿದ್ದರು. ಗ್ಯಾಸಿನವರು ಬೀದಿಗೇ ಬರುತ್ತಿರಲಿಲ್ಲ. ಹೆಣದ ಜೊತೆ ಊರಿಗೆ ಹೊರಡುವ ಹಿಂದಿನ ದಿನ ಬೆಳಗ್ಗೆ ಅಕ್ಕ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದಳು. ಎಲ್ಲಿಗೆ ಅಂತ ನಾನೂ ಹಿಂದೆ ಹೋದೆ. ಪಠಾಣ ಮುದುಕ ಎದ್ದು ನಿಂತ. ಅಕ್ಕ ಅವನ ಮೇಜಿನ ಮೇಲಿದ್ದ ಟೇಪಿನ ಉರುಳೆ ತೆಗೆದು ಅವನ ಕೈಗಿಟ್ಟಳು.

"ಕಾಮ್ ಕರೋ ಚಾಚಾ" ಅಂದಳು. ಮುಂದಿನದಕ್ಕೆ ಹಿಂದಿ ಸಿಗದೆ ನನ್ನ ಕಡೆ ತಿರುಗಿದಳು. "ಹೇಳವ್ವ ಅವರಿಗೆ. ಮೇಲೆ ಯಾರೂ ಮಲಗಿಲ್ಲ ಅನ್ನು."

ನಾನು ಹೇಳಿದೆ. ಅವನು ಉರುಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಅವಳು ಅಲ್ಲಿಂದ ಕದಲಲಿಲ್ಲ. ಕೊನೆಗೆ ಒಳಗಿನಿಂದ ಒಂದು ಪೆಟ್ಟಿಗೆ ತರಿಸಿ, ಅದರ ಮೇಲೆ ಒಂದೆಳೆ ಟೇಪು ಎಳೆದ. ಅವಳು ಅದನ್ನು ನೋಡಿ ಮೇಲೆ ಹತ್ತಿದಳು.

ಅವಳು ಹೋದ ಮೇಲೂ ನಾವು ಕೆಲವು ವರ್ಷ ಅಲ್ಲೇ ಇದ್ದೆವು. ಎದುರು ಮನೆಗೆ ಬೇರೆ ಯಾರೋ ಬಂದರು, ಟಿ.ವಿ. ಜೋರಾಗಿ ಹಾಕುತ್ತಿದ್ದರು. ಆಮೇಲೆ ನನ್ನ ಗಂಡನ ಅಂಗಡಿ ಮುಚ್ಚಿತು, ನಾವು ತಿಪಟೂರಿಗೆ ಬಂದೆವು. ಬಂದ ಮೇಲೆ ವಿಚಾರಿಸಿದೆ. ಅಕ್ಕ ಕಂದಿಕೆರೆಯ ಹತ್ತಿರ ಗಂಡನ ಊರಿನಲ್ಲಿ ಇದ್ದಾಳೆ, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ ಅಂತ ತಿಳಿಯಿತು. ಹುಡುಕಿಕೊಂಡು ಹೋದೆ.

ನಾನು ಹೋದಾಗ ಊಟದ ಹೊತ್ತು. ಜಗುಲಿಯುದ್ದಕ್ಕೂ ಮಕ್ಕಳು ಸಾಲಾಗಿ ಕೂತು ತಟ್ಟೆ ಬಡಿಯುತ್ತಿದ್ದವು. ಮೇಡಮ್ಮು ಕೈಯಲ್ಲಿ ಕಡ್ಡಿ ಹಿಡಿದು ಗದರಿಸಲು ಬಂದರು. ಸಾಂಬಾರಿನ ಬಕೆಟ್ಟು ಹಿಡಿದಿದ್ದ ಅಕ್ಕ, "ಬಡೀಲಿ ಬುಡಿ ಮೇಡಂ. ಹೊಟ್ಟೆ ಹಸ್ದೈತೆ, ಬಡೀತವೆ" ಅಂದಳು. ಗಟ್ಟಿ ದನಿ, ಹಟ್ಟಿಯ ದನಿ. ನನ್ನನ್ನು ಕಂಡು ಬಕೆಟ್ಟು ಕೆಳಗಿಟ್ಟಳು. ಮುಖದ ಮೇಲೆ ಅಂಥ ಸಂತೋಷವೇನೂ ಕಾಣಲಿಲ್ಲ. "ಬಂದಾ. ಕೂತ್ಕೊ, ಬಡಿಸ್ಬುಟ್ಟು ಬತ್ತೀನಿ" ಅಂದಳು, ನಾನು ನಿನ್ನೆ ತಾನೇ ಬಂದು ಹೋದವಳು ಎಂಬಂತೆ.

ಮಕ್ಕಳು ಒಳಗೆ ಹೋದ ಮೇಲೆ ಕೊಳಾಯಿಯ ಹತ್ತಿರ ಕೂತು ಅವಳು ಪಾತ್ರೆ ತೊಳೆದಳು, ನಾನು ನೀರು ಹಾಕಿದೆ. ಊರಿನ ಮಾತು ಆಡಿದೆವು. ಅವಳ ಗಂಡ ಹಾಕಿದ್ದ ತೆಂಗಿನ ಗಿಡಗಳು ಫಲಕ್ಕೆ ಬಂದಿದ್ದವು. ತನ್ನ ಜೊತೆಗೇ ಬಂದಿರುವ ತಮ್ಮ ನೋಡಿಕೊಳ್ಳುತ್ತಾನೆ ಅಂದಳು. ಪಠಾಣ ಮುದುಕನನ್ನು ಕೇಳಿದಳು. ಅವನು ಊರಿಗೆ ಹೋದ ಅಂದೆ.

"ಒಳ್ಳೇದಾಯ್ತು" ಅಂದಳು. ಸ್ವಲ್ಪ ಹೊತ್ತು ಅನ್ನದ ತಪ್ಪಲೆಯ ತಳ ಉಜ್ಜುತ್ತಿದ್ದಳು. ಆಮೇಲೆ ಅದೇ ದನಿಯಲ್ಲಿ ಹೇಳಿದಳು.

"ಜನ ಕೇಳ್ತಾರೆ ಕಣೇ, ಆವತ್ತು ಗಲಾಟೆ ಆಗಿದ್ರೆ ಅವರು ಏಳ್ತಿದ್ರೇನೋ ಅಂತ. ಏಳ್ತಿರ್ಲಿಲ್ಲ. ಡಾಕ್ಟ್ರು ಹೇಳಿದ್ರಲ್ಲ. ಅದು ನನ್ನ ಬಾಧ್ಸಲ್ಲ."

"ಮತ್ತೆ?"

"ಆವತ್ತು ಬೆಳಗ್ನಿಂದ ನಾನು ಖುಷಿಯಾಗಿದ್ದೆ. ಅಷ್ಟು ಖುಷಿ ನಂಗೆ ಆ ಊರಲ್ಲಿ ಯಾವತ್ತೂ ಆಗಿರ್ಲಿಲ್ಲ. ರಸ್ತೆ ಒಡೆಯೋರು ನನ್ನ ಮಾತು ಕೇಳಿದ್ರು, ಮಕ್ಳು ಕೇಳಿದ್ವು. ಒಳಗೋಗಿ ನೋಡುದ್ರೆ ಅವರು ಮಗ್ಗುಲೂ ಬದಲಾಯಿಸಿಲ್ಲ. ಆಹಾ, ಎಂಥಾ ನಿದ್ದೆ ಬಂದೈತೆ ಅಂದ್ಕೊಂಡೆ. ದುಪ್ಪಟಿ ಹೊದ್ದಿಸ್ದೆ. ಅಡುಗೆಮನೇಲಿ ಒಬ್ಬಳೇ ನಿಂತ್ಕೊಂಡು ಕಾಫಿ ಕುಡ್ದೆ. ಗೆದ್ಬುಟ್ಟೆ ಅನ್ನುಸ್ತು." ಕೈ ನಿಂತಿತು. "ದುಃಖ ಆದ್ರೆ ಅತ್ತು ಕಳೀಬೌದು. ಆ ಖುಷೀನ ಏನ್ಮಾಡ್ಲಿ ಹೇಳು?"

ಅವಳು ತಪ್ಪಲೆಯನ್ನು ಬೋರಲು ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡು, "ನಡಿ, ಬಸ್ ಬತ್ತದೆ" ಅಂದಳು. ನನ್ನನ್ನು ಹತ್ತಿಸಿ, ಸೀಟು ಸಿಕ್ಕಿತಾ ಅಂತ ಕಿಟಕಿಯಿಂದ ಬಗ್ಗಿ ನೋಡಿ ಹೊರಟುಹೋದಳು. ಅದೇ ಕೊನೆ. ಆಮೇಲೆ ಫೋನಿನಲ್ಲಿ ಆಗಾಗ ಮಾತಾಡಿದ್ದೇವೆ. ಮಳೆ ಬಂತಾ, ಊಟ ಆಯ್ತಾ, ಅಷ್ಟೇ.

ಪೊರಕೆ ಕೊಂಡ ಮಾರನೆಯ ದಿನ ನಾನು ಅವಳ ಊರಿಗೆ ಹೋದೆ. ಮನೆಯಲ್ಲಿ ಅವಳ ತಮ್ಮನ ಸಂಸಾರ ಇತ್ತು. ಗೋಡೆಗೆ ಅವಳ ಫೋಟೋ ಹಾಕಿ ದೀಪ ಹಚ್ಚಿದ್ದರು. ಯಾವುದೋ ಮದುವೆಯಲ್ಲಿ ತೆಗೆದದ್ದು, ಪಕ್ಕದವರನ್ನು ಕತ್ತರಿಸಿ ದೊಡ್ಡದು ಮಾಡಿಸಿದ್ದು. ಕಾಫಿ ತಂದುಕೊಟ್ಟ ತಮ್ಮನ ಮಗಳು ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂತಳು. ಅವಳಿಗೆ ಕೇಳುವ ಆಸೆಯಿತ್ತು, ಸಂಕೋಚವೂ ಇತ್ತು.

"ಅತ್ತೆ ಅಲ್ಲಿಯ ವಿಷ್ಯ ಒಂದಿನಾನೂ ಹೇಳ್ಲಿಲ್ಲ ಆಂಟಿ. ಮಾಮ ತೀರ್ಕೊಂಡ ಊರು ಅಂತ ನಾವೂ ಕೇಳ್ಲಿಲ್ಲ. ಪಾಪ, ಯಾರೂ ಇಲ್ದ ಊರಲ್ಲಿ ಅಷ್ಟು ವರ್ಷ. ಹೆಂಗಿದ್ರು ಅವರು ಅಲ್ಲಿ?"

ಹೇಳುವುದಕ್ಕೆ ಬೇಕಾದಷ್ಟಿತ್ತು. ಕಾಫಿಯ ಲೋಟ ಕೆಳಗಿಟ್ಟೆ.

"ಖುಷಿಯಾಗಿದ್ರು ಕಣಮ್ಮ" ಅಂದೆ.